ಹೆಸರು ಒಂದೇ, ಬಣ್ಣ ಹಲವು: ಟಾರ್ಟನ್ ಕೊಳ್ಳುವ ಮುನ್ನ

ಪಾರ್ಸೆಲ್ ಬಿಚ್ಚಿದಾಗ ಒಳಗಿದ್ದದ್ದು ಕಪ್ಪು ಬಟ್ಟೆ. ನಾನು ತರಿಸಿದ್ದು ನೀಲಿ-ಹಸಿರು ಚೌಕಳಿ.

ಅದು ಡಿಸೆಂಬರ್. ಸ್ಕಾಟ್ಲೆಂಡಿನ ಎಡಿನ್‌ಬರಾದಲ್ಲಿ ಆಗ ಮಧ್ಯಾಹ್ನ 3:40ರ ಹೊತ್ತಿಗೆಲ್ಲ ಸೂರ್ಯ ಮುಳುಗಿರುತ್ತಾನೆ. ಅಡುಗೆಮನೆಯ ಹಳದಿ ದೀಪದ ಕೆಳಗೆ ಬಟ್ಟೆ ಹರವಿದೆ. ಕಪ್ಪು, ಅದರ ಮೇಲೆ ಅಲ್ಲೊಂದು ಇಲ್ಲೊಂದು ಬಿಳಿ ಗೆರೆ. ತಪ್ಪು ಬಟ್ಟೆ ಕಳಿಸಿದ್ದಾರೆ ಅಂತಲೇ ಅಂದುಕೊಂಡೆ. ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಅದೇ ಬಟ್ಟೆಯನ್ನು ಕಿಟಕಿ ಪಕ್ಕ ಇಟ್ಟು ನೋಡಿದರೆ ಹಸಿರು ಕಾಣಿಸಿತು. ಆಮೇಲೆ ನೀಲಿ. ನೀಲಿಯ ನಡುವೆ ಕೆಂಪು ಗೆರೆ. ಬಟ್ಟೆ ಸರಿಯಾದದ್ದೇ. ನಾನು ನೋಡಿದ ರೀತಿ ತಪ್ಪಾಗಿತ್ತು.

ಮಗನ ಪದವಿ ಪ್ರದಾನಕ್ಕೆ ಕಿಲ್ಟ್, ಅಂದರೆ ಸ್ಕಾಟ್ಲೆಂಡಿನ ಗಂಡಸರು ಸೊಂಟಕ್ಕೆ ಸುತ್ತಿಕೊಳ್ಳುವ ಮಡಿಕೆಯ ಉಡುಪು, ಹೊಲಿಸೋಣ ಅಂತ ಈ ಬಟ್ಟೆ ತರಿಸಿದ್ದು. ಅವನೇ ಆರಿಸಿದ್ದು ಮೆಕೆಂಜಿ ಟಾರ್ಟನ್. ಟಾರ್ಟನ್ ಅಂದರೆ ಸ್ಕಾಟ್ಲೆಂಡಿನ ಚೌಕಳಿ ಬಟ್ಟೆ. ಮೆಕೆಂಜಿ ಅನ್ನುವ ಹೆಸರು ಕನ್ನಡದವರಿಗೆ ಹೊಸದಲ್ಲ. 1799ರ ನಂತರ ಮೈಸೂರು ಸೀಮೆಯ ಸರ್ವೆ ಮಾಡಿದ, ಕೈಫಿಯತ್ತು, ಶಾಸನಗಳನ್ನು ಕೂಡಿಹಾಕಿದ ಕಾಲಿನ್ ಮೆಕೆಂಜಿ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಸ್ಟಾರ್ನವೇ ಊರಿನವರು. ನಮ್ಮ ನೆಲಕ್ಕೂ ಈ ನೆಲಕ್ಕೂ ಸೇರಿದ ಹೆಸರು ಅಂತ ಮಗನಿಗೆ ಇಷ್ಟವಾಯಿತು. ರಾತ್ರಿ ಹನ್ನೊಂದಕ್ಕೆ ಹಾಸಿಗೆ ಮೇಲೆ ಕೂತು ಫೋನಿನಲ್ಲಿ ಚಿತ್ರ ನೋಡಿದೆ, ಹೆಸರು ನೋಡಿದೆ, ಹಣ ಕಟ್ಟಿದೆ. ಹೆಸರು ಸರಿಯಿದ್ದರೆ ಬಣ್ಣವೂ ಸರಿಯೇ ಇರುತ್ತದೆ ಅಂತ ನಂಬಿದ್ದೆ. ಎಡವಿದ್ದು ಅಲ್ಲೇ.

ಟಾರ್ಟನ್‌ಗೆ ಹೆಸರಿರುತ್ತದೆ. ಆ ಹೆಸರು ಬಣ್ಣ ಯಾವ ಕ್ರಮದಲ್ಲಿ, ಎಷ್ಟೆಷ್ಟು ಬರಬೇಕು ಅಂತ ಹೇಳುತ್ತದೆ. ಆ ಹಸಿರು ಎಂಥ ಹಸಿರು, ಆ ನೀಲಿ ಎಷ್ಟು ಗಾಢ ಅಂತ ಹೇಳುವುದಿಲ್ಲ. ಇದೊಂದು ತಲೆಗೆ ಹೋದರೆ ಉಳಿದದ್ದೆಲ್ಲ ಸುಲಭ.

ಹಾಸು, ಹೊಕ್ಕು, ನಡುವಿನ ಬಣ್ಣ

ನೇಯ್ಗೆ ಗೊತ್ತಿರುವ ಊರಿನವರಿಗೆ ಟಾರ್ಟನ್ ವಿವರಿಸುವುದು ಕಷ್ಟವಲ್ಲ. ಹಾಸಿನಲ್ಲಿ ಬಣ್ಣದ ಎಳೆಗಳನ್ನು ಒಂದು ಲೆಕ್ಕದಲ್ಲಿ ಜೋಡಿಸುತ್ತಾರೆ. ಇಷ್ಟು ನೀಲಿ, ಇಷ್ಟು ಕಪ್ಪು, ಮತ್ತೆ ಇಷ್ಟು ನೀಲಿ ಅಂತ. ಹೊಕ್ಕಿನಲ್ಲೂ ಸಾಮಾನ್ಯವಾಗಿ ಅದೇ ಲೆಕ್ಕ, ಅದೇ ಕ್ರಮ. ಎರಡೂ ಸೇರಿದಾಗ ಚೌಕಳಿ ಮೂಡುತ್ತದೆ. ಈ ಲೆಕ್ಕದ ಒಂದು ಪೂರ್ತಿ ಸುತ್ತಿಗೆ ‘ಸೆಟ್’ ಅನ್ನುತ್ತಾರೆ. ಹೆಚ್ಚಿನ ಸೆಟ್‌ಗಳು ಒಂದು ಗೆರೆಯವರೆಗೆ ಹೋಗಿ, ಕನ್ನಡಿಯಲ್ಲಿ ಕಂಡಂತೆ ಅಲ್ಲಿಂದ ಹಿಂದಕ್ಕೆ ತಿರುಗುತ್ತವೆ.

ಎಳೆಗಳ ಲೆಕ್ಕವನ್ನು ಬರೆದಿಡುವುದಕ್ಕೆ ಥ್ರೆಡ್ ಕೌಂಟ್ ಅನ್ನುತ್ತಾರೆ. ಬಿ ಅಂದರೆ ನೀಲಿ, ಜಿ ಅಂದರೆ ಹಸಿರು, ಆರ್ ಅಂದರೆ ಕೆಂಪು, ಕೆ ಅಂದರೆ ಕಪ್ಪು. ಪಕ್ಕದಲ್ಲಿ ಎಷ್ಟು ಎಳೆ ಅನ್ನುವ ಅಂಕಿ. ಅಡುಗೆ ಪುಸ್ತಕದಲ್ಲಿ ‘ಒಂದು ಚಮಚ ಖಾರದ ಪುಡಿ’ ಅಂತ ಬರೆದ ಹಾಗೆ ಇದು. ಬ್ಯಾಡಗಿಯೋ ಗುಂಟೂರೋ ಅಂತ ಅದರಲ್ಲಿ ಇರುವುದಿಲ್ಲ, ಅಲ್ವಾ?

ಈಗ ಬಟ್ಟೆಯನ್ನು ಕಣ್ಣಿನ ಹತ್ತಿರ ತನ್ನಿ. ಭೂತಗನ್ನಡಿ ಇದ್ದರೆ ಇನ್ನೂ ಒಳ್ಳೆಯದು. ಟಾರ್ಟನ್ ನೇಯ್ಗೆಯಲ್ಲಿ ಹೊಕ್ಕಿನ ಎಳೆ ಎರಡು ಹಾಸಿನ ಮೇಲೆ ಹಾದು, ಎರಡರ ಕೆಳಗೆ ಹೋಗುತ್ತದೆ. ಮುಂದಿನ ಸಾಲಿನಲ್ಲಿ ಒಂದು ಎಳೆಯಷ್ಟು ಪಕ್ಕಕ್ಕೆ ಸರಿಯುತ್ತದೆ. ಅದಕ್ಕೇ ಬಟ್ಟೆಯ ಮೇಲೆಲ್ಲ ಓರೆ ಗೆರೆ ಕಾಣುತ್ತದೆ. ಜೀನ್ಸ್ ಪ್ಯಾಂಟಿನ ಮೇಲೂ ಓರೆ ಗೆರೆ ಇರುತ್ತದಲ್ಲ, ಆ ಜಾತಿಯ ನೇಯ್ಗೆ. ಹಸಿರು ಹಾಸು ಹಸಿರು ಹೊಕ್ಕನ್ನು ದಾಟುವಲ್ಲಿ ಅಪ್ಪಟ ಹಸಿರು. ಹಸಿರು ಹಾಸು ಕಪ್ಪು ಹೊಕ್ಕನ್ನು ದಾಟುವಲ್ಲಿ ಒಂದು ಓರೆ ಗೆರೆ ಹಸಿರು, ಒಂದು ಓರೆ ಗೆರೆ ಕಪ್ಪು. ಹತ್ತಿರದಿಂದ ಎರಡೂ ಬೇರೆ ಬೇರೆ ಕಾಣುತ್ತವೆ. ಮೂರಡಿ ಹಿಂದೆ ಸರಿದರೆ ಸೇರಿಹೋಗಿ ಮೂರನೆಯ ಬಣ್ಣವಾಗುತ್ತವೆ. ಆ ಬಣ್ಣದ ನೂಲು ಬಟ್ಟೆಯಲ್ಲಿ ಎಲ್ಲೂ ಇಲ್ಲ. ಅದನ್ನು ಮಾಡುವುದು ನಿಮ್ಮ ಕಣ್ಣು. ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣ ಇರುವ ರೇಷ್ಮೆ ಸೀರೆ ಉಟ್ಟವರಿಗೆ ಈ ಆಟ ಗೊತ್ತಿರುತ್ತದೆ.

ಮೆಕೆಂಜಿಯಲ್ಲಿ ನೂಲು ಐದು ಬಣ್ಣ: ನೀಲಿ, ಕಪ್ಪು, ಹಸಿರು, ಬಿಳಿ, ಕೆಂಪು. ಐದೂ ಅಪ್ಪಟವಾಗಿ ಒಮ್ಮೆ, ಎರಡೆರಡು ಜೋಡಿಯಾಗಿ ಹತ್ತು. ಒಟ್ಟು ಹದಿನೈದು ಛಾಯೆ. ಆರು ಬಣ್ಣದ ಟಾರ್ಟನ್ ಆದರೆ ಇಪ್ಪತ್ತೊಂದು. ಹಾಗಾಗಿ ಗಿರಣಿಯವರು ಒಂದೇ ಒಂದು ನೂಲಿನ ಬಣ್ಣವನ್ನು ಸ್ವಲ್ಪ ಬದಲಿಸಿದರೂ ಸಾಕು. ಮೆಕೆಂಜಿಯ ಹಸಿರೊಂದು ಬದಲಾದರೆ ಅದು ಸೇರುವ ಐದು ಛಾಯೆಯೂ ಬದಲಾಗುತ್ತವೆ. ‘ಹಸಿರು ಸ್ವಲ್ಪ ಬೇರೆ ಇದೆ, ಪರವಾಗಿಲ್ಲ’ ಅಂತ ಸುಮ್ನೆ ಬಿಡುವಂಥ ವಿಷಯ ಇದಲ್ಲ. ಬಟ್ಟೆಯ ಮುಖವೇ ಬೇರೆಯಾಗುತ್ತದೆ.

ಮಾಡರ್ನ್ ಹಳೆಯದು, ಏನ್ಷಿಯಂಟ್ ಹೊಸದು

ಟಾರ್ಟನ್ ಹೆಸರಿನ ಹಿಂದೆ ಮುಂದೆ ಒಂದು ಮಾತು ಅಂಟಿಕೊಂಡಿರುತ್ತದೆ. ಮಾಡರ್ನ್, ಏನ್ಷಿಯಂಟ್, ವೆದರ್ಡ್, ಮ್ಯೂಟೆಡ್, ರಿಪ್ರೊಡಕ್ಷನ್. ಕೊಳ್ಳುವವರು ದಾರಿ ತಪ್ಪುವುದು ಜಾಸ್ತಿ ಇಲ್ಲಿಯೇ. ಏನ್ಷಿಯಂಟ್ ಅಂದರೆ ಪುರಾತನ ಬಟ್ಟೆ ಅಲ್ಲ, ಪುರಾತನ ವಿನ್ಯಾಸವೂ ಅಲ್ಲ. ಅದು ಬಣ್ಣದ ಛಾಯೆಯ ಹೆಸರು ಅಷ್ಟೆ.

ಹಿಂದೆ ಉಣ್ಣೆಗೆ ಬಣ್ಣ ಹಾಕುತ್ತಿದ್ದದ್ದು ಗಿಡ, ಬೇರು, ಕಲ್ಲುಹೂ, ಹುಳುಗಳಿಂದ. ಕೆಂಪಿಗೆ ಮೆಕ್ಸಿಕೋದಿಂದ ಬರುತ್ತಿದ್ದ ಕೋಚಿನೀಲ್ ಹುಳು. ನೀಲಿಗೆ ಭಾರತ, ಅಮೆರಿಕ ಕಡೆಯಿಂದ ಹಡಗಿನಲ್ಲಿ ಬರುತ್ತಿದ್ದ ಇಂಡಿಗೋ. 1819ರಲ್ಲಿ ಸ್ಕಾಟ್ಲೆಂಡಿನ ಬ್ಯಾನಕ್‌ಬರ್ನ್‌ನ ವಿಲ್ಸನ್ ನೇಯ್ಗೆ ಮನೆಯವರು ತಮ್ಮಲ್ಲಿದ್ದ ಇನ್ನೂರಕ್ಕೂ ಹೆಚ್ಚು ಸೆಟ್‌ಗಳ ಲೆಕ್ಕವನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರು. ಆಮೇಲೆ 1856ರಲ್ಲಿ ಲಂಡನ್ನಿನಲ್ಲಿ ಹದಿನೆಂಟು ವರ್ಷದ ವಿಲಿಯಂ ಪರ್ಕಿನ್ ಕಲ್ಲಿದ್ದಲಿನ ಡಾಂಬರಿನಿಂದ ನೇರಳೆ ಬಣ್ಣ ತೆಗೆದ. ಅಲ್ಲಿಂದ ರಾಸಾಯನಿಕ ಬಣ್ಣಗಳ ಕಾಲ ಶುರುವಾಯಿತು. ಗಿರಣಿಗಳು ಗಾಢ ಬಣ್ಣದ ಕಡೆ ಹೊರಳಿದವು. ಆ ಗಾಢ ಛಾಯೆಗಳೇ ಇವತ್ತಿನ ‘ಮಾಡರ್ನ್’. ಬಾಟಲಿ ಹಸಿರು, ರಾತ್ರಿಯ ಆಕಾಶದಂಥ ನೀಲಿ, ಕುಂಕುಮದ ಕೆಂಪು.

ಗಾಢ ಬಣ್ಣ ಸಾಕು ಅನ್ನಿಸಿದ ಮೇಲೆ, 20ನೇ ಶತಮಾನದಲ್ಲಿ, ಹಳೆಯ ಸಸ್ಯಬಣ್ಣಗಳ ತಿಳಿತನವನ್ನು ನೆನಪಿಸುವ ಛಾಯೆಗಳನ್ನು ತಂದರು. ಅದಕ್ಕೆ ‘ಏನ್ಷಿಯಂಟ್’ ಅಂತ ಹೆಸರಿಟ್ಟರು. ಅಂದರೆ ಅಂಗಡಿಯಲ್ಲಿ ಏನ್ಷಿಯಂಟ್ ಅನ್ನುವುದು ಮಾಡರ್ನ್‌ಗಿಂತ ಹೊಸದು. ಏನ್ಷಿಯಂಟ್‌ನಲ್ಲಿ ನೀಲಿ ತಿಳಿಯಾಗಿ ಆಕಾಶದ ಬಣ್ಣಕ್ಕೆ ಹತ್ತಿರ ಬರುತ್ತದೆ. ಹಸಿರು ಹುಲ್ಲಿನಂತಾಗುತ್ತದೆ. ಕೆಂಪು ಕಿತ್ತಳೆಯ ಕಡೆ ವಾಲುತ್ತದೆ. ವೆದರ್ಡ್ ಮತ್ತು ರಿಪ್ರೊಡಕ್ಷನ್ ಅನ್ನುವುವು ಬಿಸಿಲು, ಮಳೆ, ಮಣ್ಣು ತಿಂದ ಬಟ್ಟೆಯ ಬಣ್ಣವನ್ನು ಅನುಕರಿಸುತ್ತವೆ. ನೀಲಿ ಬೂದು ಬಣ್ಣವಾಗುತ್ತದೆ, ಹಸಿರು ಕಂದಾಗುತ್ತದೆ. 1746ರ ಯುದ್ಧ ನಡೆದ ಕಲ್ಲೊಡನ್ ಬಯಲಿನ ಮಣ್ಣಿನಲ್ಲಿ ಹೂತಿದ್ದ ಹಳೆ ತುಂಡೊಂದನ್ನು ನೋಡಿ ಈ ಛಾಯೆಗಳನ್ನು ಮಾಡಿದರು ಅಂತ ನೇಯ್ಗೆಯವರ ನಡುವೆ ಒಂದು ಕತೆಯೂ ಇದೆ. ಮ್ಯೂಟೆಡ್ ಇವುಗಳ ನಡುವೆ ನಿಲ್ಲುವ, ಮೆತ್ತಗಿನ ಛಾಯೆ.

ನನ್ನ ವಿಷಯದಲ್ಲಿ ಆದದ್ದು ಇದು. ನಾನು ನೋಡಿದ ಚಿತ್ರ ಏನ್ಷಿಯಂಟ್ ಮೆಕೆಂಜಿಯದು. ಕೆಳಗೆ ಸಣ್ಣ ಅಕ್ಷರದಲ್ಲಿ ಆರಿಸಿಕೊಳ್ಳಬೇಕಾದ ಜಾಗದಲ್ಲಿ ಮಾಡರ್ನ್ ಇತ್ತು. ಬದಲಿಸಿದರೂ ಚಿತ್ರ ಬದಲಾಗುತ್ತಿರಲಿಲ್ಲ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಬಿಡುತ್ತೇನೆ. ‘ಹಂಟಿಂಗ್’, ‘ಡ್ರೆಸ್’ ಅನ್ನುವ ಮಾತುಗಳು ಛಾಯೆಯ ಹೆಸರಲ್ಲ. ಅವು ಬೇರೆಯದೇ ವಿನ್ಯಾಸ. ರಾಯಲ್ ಸ್ಟೂವರ್ಟ್ ಕೆಂಪು. ಹಂಟಿಂಗ್ ಸ್ಟೂವರ್ಟ್ ಹಸಿರು. ಡ್ರೆಸ್ ಸ್ಟೂವರ್ಟ್‌ನಲ್ಲಿ ಬಿಳಿ ಜಾಸ್ತಿ. ಹಂಟಿಂಗ್ ಸ್ಟೂವರ್ಟ್‌ನಲ್ಲೂ ಮತ್ತೆ ಮಾಡರ್ನ್, ಏನ್ಷಿಯಂಟ್ ಇರುತ್ತವೆ. ಮೊದಲು ವಿನ್ಯಾಸ ಯಾವುದು ಅಂತ ಖಚಿತ ಮಾಡಿಕೊಳ್ಳಿ, ಆಮೇಲೆ ಛಾಯೆ.

ಸರ್ಕಾರದ ದಾಖಲೆ ನೋಡಿದರೆ ಸರಿಯಾದ ಬಣ್ಣ ಸಿಗಬಹುದಲ್ಲ ಅಂತ ಕೇಳಬಹುದು. ನನಗೂ ಹಾಗೇ ಅನ್ನಿಸಿತ್ತು. ಸ್ಕಾಟ್ಲೆಂಡಿನ ಸಂಸತ್ತು 2008ರಲ್ಲಿ ಕಾನೂನು ಮಾಡಿ, 2009ರ ಫೆಬ್ರವರಿಯಲ್ಲಿ ಟಾರ್ಟನ್ ನೋಂದಣಿ ಶುರುವಾಯಿತು. ನ್ಯಾಷನಲ್ ರೆಕಾರ್ಡ್ಸ್ ಆಫ್ ಸ್ಕಾಟ್ಲೆಂಡ್ ಅದನ್ನು ನಡೆಸುತ್ತದೆ. ಅಲ್ಲಿ ಥ್ರೆಡ್ ಕೌಂಟ್ ಇರುತ್ತದೆ, ಕಂಪ್ಯೂಟರ್ ಬಿಡಿಸಿದ ಚಿತ್ರ ಇರುತ್ತದೆ. ಆ ಚಿತ್ರದ ಬಣ್ಣ ಒಂದು ಸೂಚನೆ ಮಾತ್ರ. ವಿನ್ಯಾಸ ಹೌದೋ ಅಲ್ಲವೋ ಅಂತ ತಾಳೆ ನೋಡಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಬಣ್ಣ ಆರಿಸಲು ಅದನ್ನು ಬಳಸಬೇಡಿ.

ಪರದೆ ಏನನ್ನು ತಿನ್ನುತ್ತದೆ

ಕಂಪ್ಯೂಟರ್ ಬಿಡಿಸಿದ ಚಿತ್ರ ಒಂದು, ಬಟ್ಟೆಯ ಫೋಟೋ ಇನ್ನೊಂದು. ಮೊದಲು ಇವೆರಡನ್ನು ಬೇರೆ ಮಾಡಿ. ಚಿತ್ರವನ್ನು ದೊಡ್ಡದು ಮಾಡಿ ನೋಡಿ. ಉಣ್ಣೆಯ ನಯ, ಎಳೆಯ ಏರುಪೇರು ಕಂಡರೆ ಫೋಟೋ. ಅಂಚು ಚೂಪಾಗಿ, ಎಲ್ಲ ಚೌಕವೂ ಅಚ್ಚು ಹೊಡೆದ ಹಾಗಿದ್ದರೆ ಅದು ಬಿಡಿಸಿದ್ದು. ಬಿಡಿಸಿದ ಚಿತ್ರದಿಂದ ಯಾವ ಬಣ್ಣ ಎಷ್ಟು ಪಾಲು ಅನ್ನುವುದು ತಿಳಿಯುತ್ತದೆ. ಅದಕ್ಕಿಂತ ಜಾಸ್ತಿ ಕೇಳಬಾರದು.

ಫೋಟೋದಲ್ಲೂ ತೊಡಕಿದೆ. ಕ್ಯಾಮೆರಾ ತಾನಾಗಿಯೇ ಬೆಳಕನ್ನು ಅಂದಾಜು ಮಾಡಿ ಬಣ್ಣ ತಿದ್ದುತ್ತದೆ. ಚೌಕಟ್ಟಿನ ತುಂಬ ಹಸಿರು ಬಟ್ಟೆಯೇ ಇದ್ದರೆ ಬೆಳಕೇ ಹಸಿರು ಅಂತ ತಿಳಿದು ಹಸಿರನ್ನು ತಗ್ಗಿಸಿಬಿಡಬಹುದು. ಕಪ್ಪು ಜಾಸ್ತಿ ಇರುವ ಬಟ್ಟೆಯನ್ನು ಬೆಳ್ಳಗೆ ಮಾಡುತ್ತದೆ. ಗಾಢ ಮಾಡರ್ನ್ ಬಟ್ಟೆ ಫೋಟೋದಲ್ಲಿ ತಿಳಿಯಾಗಿ ಕಾಣಲು ಇದೊಂದು ಮುಖ್ಯ ಕಾರಣ. ಇನ್ನು ತೆಳ್ಳನೆಯ ಗೆರೆಗಳ ಕತೆ. ಫೋಟೋವನ್ನು ಚಿಕ್ಕ ಫೈಲ್ ಮಾಡುವಾಗ ಸಾಮಾನ್ಯವಾಗಿ ಬೆಳಕಿನ ವಿವರವನ್ನು ಪೂರ್ತಿ ಉಳಿಸಿ, ಬಣ್ಣದ ವಿವರವನ್ನು ಕಡಿಮೆ ಮಾಡುತ್ತಾರೆ. ಮುಖ, ಮರ, ಮನೆಗೆ ಇದರಿಂದ ತೊಂದರೆ ಇಲ್ಲ. ಟಾರ್ಟನ್‌ಗೆ ಇದೆ. ನೀಲಿಯ ನಡುವಿನ ನಾಲ್ಕಾರು ಎಳೆಯ ಕೆಂಪು ಗೆರೆ ಪಕ್ಕದ ನೀಲಿಯ ಜೊತೆ ಕಲಸಿ ಕಂದಾಗುತ್ತದೆ. ಮೆಕೆಂಜಿಯ ಕೆಂಪು ಗೆರೆ ಸಣ್ಣ ಚಿತ್ರದಲ್ಲಿ ಕಾಣದೇ ಹೋಗಬಹುದು. ಓರೆ ಗೆರೆಯ ನೇಯ್ಗೆ ಮತ್ತು ಪರದೆಯ ಚುಕ್ಕಿಗಳು ಸೇರಿ ಇಲ್ಲದ ಅಲೆ ಅಲೆ ವಿನ್ಯಾಸ ಮೂಡಿಸುವುದೂ ಉಂಟು.

ನಿಮ್ಮ ಫೋನಿನದೂ ಪಾಲಿದೆ. ರಾತ್ರಿ ಹೊತ್ತು ಕಣ್ಣಿಗೆ ಹಿತವಾಗಲಿ ಅಂತ ಪರದೆ ಹಳದಿಗೆ ತಿರುಗುವ ವ್ಯವಸ್ಥೆ ಇರುತ್ತದಲ್ಲ, ಅದನ್ನು ನಿಲ್ಲಿಸಿ. ಕೋಣೆಯ ಬೆಳಕಿಗೆ ತಕ್ಕಂತೆ ಬಣ್ಣ ಹೊಂದಿಸುವುದನ್ನೂ ನಿಲ್ಲಿಸಿ. ಬಣ್ಣ ಎದ್ದು ಕಾಣಲಿ ಅಂತ ಇರುವ ‘ವಿವಿಡ್’ ಬದಲು ‘ನ್ಯಾಚುರಲ್’ ಇಡಿ. ಇಷ್ಟೆಲ್ಲ ಮಾಡಿದರೂ ಪರದೆ ಬೆಳಕನ್ನು ತಾನೇ ಹೊಮ್ಮಿಸುತ್ತದೆ, ಉಣ್ಣೆ ಬಿದ್ದ ಬೆಳಕನ್ನು ಹೀರಿ ಉಳಿದದ್ದನ್ನು ಮಾತ್ರ ಹಿಂದೆ ಕೊಡುತ್ತದೆ. ಕಡುನೀಲಿ ಉಣ್ಣೆಯ ಆಳವನ್ನು ಯಾವ ಪರದೆಯೂ ಪೂರ್ತಿ ತೋರಿಸಲಾರದು.

ಫೋಟೋ ನೋಡುವಾಗ ನನಗೆ ತುಂಬ ಕೆಲಸಕ್ಕೆ ಬಂದ ಒಂದು ಉಪಾಯ ಇದೆ. ಟಾರ್ಟನ್‌ನಲ್ಲಿ ಬಿಳಿ ಗೆರೆ ಇದ್ದರೆ ಮೊದಲು ಅದನ್ನು ನೋಡಿ. ಉಣ್ಣೆಯ ಬಿಳಿ ಹಾಲಿನ ಕೆನೆಯಂತಿರುತ್ತದೆ, ಕಾಗದದ ಬಿಳಿಯಲ್ಲ. ಫೋಟೋದಲ್ಲಿ ಅದು ಬೆಣ್ಣೆಯಂತೆ ಹಳದಿಯಾಗಿದ್ದರೆ ಉಳಿದ ಬಣ್ಣಗಳೂ ಹಳದಿಗೆ ವಾಲಿವೆ ಅಂತ ಅರ್ಥ. ನೀಲಿ ಛಾಯೆ ಹೊಡೆಯುತ್ತಿದ್ದರೆ ಎಲ್ಲವೂ ತಣ್ಣಗಾಗಿದೆ. ಬಿಳಿ ಗೆರೆ ಇಲ್ಲದಿದ್ದರೆ ಮಾರುವವರನ್ನೇ ಕೇಳಿ: ಕಿಟಕಿ ಪಕ್ಕ, ದೀಪ ಆರಿಸಿ, ಬಟ್ಟೆಯ ಮೇಲೆ ಒಂದು ಬಿಳಿ ಕಾಗದ ಇಟ್ಟು ಫೋಟೋ ಕಳಿಸಿ ಅಂತ. ಬಟ್ಟೆ ಗೊತ್ತಿರುವ ಅಂಗಡಿಯವರು ಇದಕ್ಕೆ ಬೇಸರ ಪಡುವುದಿಲ್ಲ.

ತುಂಡು ತರಿಸಿ

ಕೊನೆಗೆ ತೀರ್ಮಾನ ಆಗಬೇಕಾದದ್ದು ಉಣ್ಣೆಯ ತುಂಡಿನ ಮೇಲೆ. ಸ್ವಾಚ್ ಅನ್ನುತ್ತಾರೆ. ಸ್ವಲ್ಪ ಹಣಕ್ಕೆ ಅಥವಾ ಉಚಿತವಾಗಿ ಅಂಚೆಯಲ್ಲಿ ಬರುತ್ತದೆ. ವಾರ ಕಾಯಬೇಕಾಗಬಹುದು. ಕಾಯಿರಿ. ಪೂರ್ತಿ ಕಿಲ್ಟ್‌ಗೆ ಹಳೆಯ ಲೆಕ್ಕದಲ್ಲಿ ಎಂಟು ಗಜ ಬಟ್ಟೆ ಬೇಕು. ಜೋಡಿ ಅಗಲದ ಬಟ್ಟೆಯಾದರೆ ನಾಲ್ಕು ಗಜ. ಚಿಕ್ಕ ಖರ್ಚಲ್ಲ. ಬ್ರಿಟನ್ನಿನಲ್ಲಿ ಆನ್‌ಲೈನ್ ಕೊಂಡದ್ದನ್ನು ಸಾಮಾನ್ಯವಾಗಿ 14 ದಿನದೊಳಗೆ ಬೇಡ ಅನ್ನಬಹುದು. ನಿಮಗಾಗಿಯೇ ನೇಯ್ದ, ನಿಮ್ಮ ಅಳತೆಗೆ ಹೊಲಿದ ಬಟ್ಟೆಗೆ ಆ ಹಕ್ಕು ಇಲ್ಲ. ಅಳೆದು ಕತ್ತರಿಸಿದ ಬಟ್ಟೆಯ ಬಗ್ಗೆ ಅಂಗಡಿಯ ನಿಯಮವನ್ನು ಮೊದಲೇ ಕೇಳಿಡಿ. ನನ್ನ ನಾಲ್ಕು ಗಜ ಹಿಂದೆ ಹೋಗಲಿಲ್ಲ.

ತುಂಡು ಕೇಳುವಾಗ ಒಂದು ಮಾತು ಹೇಳಿ: ಸಾಧ್ಯವಾದರೆ ಒಂದು ಪೂರ್ತಿ ಸೆಟ್ ಕಾಣುವಷ್ಟು ದೊಡ್ಡದಿರಲಿ. ಕಿಲ್ಟ್ ಬಟ್ಟೆಯಲ್ಲಿ ಒಂದು ಸೆಟ್ ಒಂದು ಗೇಣಿನ ಆಸುಪಾಸು ಇರುತ್ತದೆ. ಅಂಗೈ ಅರ್ಧದಷ್ಟು ತುಂಡಿನಲ್ಲಿ ಬರೀ ಹಸಿರು ಮತ್ತು ಕಪ್ಪು ಬರಬಹುದು, ಬಿಳಿ ಗೆರೆ, ಕೆಂಪು ಗೆರೆ ಬಾರದೇ ಹೋಗಬಹುದು. ದೊಡ್ಡ ತುಂಡು ಸಿಗದಿದ್ದರೆ ಎಲ್ಲ ಬಣ್ಣವೂ ಬರುವ ಜಾಗದಿಂದ ಕತ್ತರಿಸಿ ಅಂತ ಕೇಳಿ.

ಅದೇ ಗಿರಣಿಯ, ಅದೇ ತೂಕದ ಬಟ್ಟೆಯ ತುಂಡು ಆಗಿರಬೇಕು. ಕಿಲ್ಟ್‌ಗೆ ಗಜಕ್ಕೆ 13 ಔನ್ಸ್, 16 ಔನ್ಸ್ ತೂಗುವ ಬಟ್ಟೆ ಬಳಸುತ್ತಾರೆ. ಟೈ, ಶಾಲುಗಳಿಗೆ ಹಗುರದ್ದು. ಹಗುರ ಬಟ್ಟೆಯಲ್ಲಿ ಸೆಟ್ ಚಿಕ್ಕದಾಗುತ್ತದೆ, ಗೆರೆಗಳು ಒತ್ತಾಗುತ್ತವೆ, ದೂರದಿಂದ ಬೇಗ ಕಲಸಿಹೋಗುತ್ತವೆ. ಒಂದೇ ನೂಲಿನಿಂದ ನೇಯ್ದರೂ ಟೈ ಕಿಲ್ಟ್‌ಗಿಂತ ಮಂಕಾಗಿ ಕಾಣಬಹುದು. ಪಾಲಿಯೆಸ್ಟರ್-ವಿಸ್ಕೋಸ್ ಟಾರ್ಟನ್ ಬೇರೆಯೇ ಲೋಕ. ಅದರ ತುಂಡು ನೋಡಿ ಉಣ್ಣೆ ಕೊಳ್ಳಬಾರದು.

ಅಮ್ಮ ಸೀರೆಯನ್ನು ಬಾಗಿಲಿಗೆ ಒಯ್ಯುತ್ತಿದ್ದದ್ದು

ಚಿಕ್ಕಪೇಟೆಯ ಸೀರೆ ಅಂಗಡಿಯಲ್ಲಿ ಅಮ್ಮ ಕೂತಲ್ಲೇ ಕೂತು ಯಾವ ಸೀರೆಯನ್ನೂ ಒಪ್ಪಿದವರಲ್ಲ. ‘ಒಳಗೇ ಲೈಟ್ ಚೆನ್ನಾಗಿದೆ ಅಮ್ಮ’ ಅಂತ ಅಂಗಡಿಯವರು ಹೇಳುತ್ತಿದ್ದರು. ಅಮ್ಮ ಸೆರಗಿನ ಭಾಗ ಎತ್ತಿಕೊಂಡು ಬಾಗಿಲವರೆಗೆ ಹೋಗಿ, ಬೀದಿಯ ಬೆಳಕಿಗೆ ಹಿಡಿದು, ಅಲ್ಲೇ ರವಿಕೆ ತುಂಡನ್ನು ಪಕ್ಕಕ್ಕಿಟ್ಟು ನೋಡುತ್ತಿದ್ದರು. ಚಿಕ್ಕವಯಸ್ಸಿನಲ್ಲಿ ನನಗೆ ನಾಚಿಕೆಯಾಗುತ್ತಿತ್ತು. ಈಗ ಅವರು ಮಾಡುತ್ತಿದ್ದದ್ದು ಬಣ್ಣ ಪರೀಕ್ಷೆಯ ಪ್ರಯೋಗಾಲಯಗಳಲ್ಲಿ ಮಾಡುವ ಕೆಲಸವೇ ಅಂತ ಗೊತ್ತಾಗಿದೆ.

ಎರಡು ಬಟ್ಟೆ ಒಂದು ಬೆಳಕಿನಲ್ಲಿ ಒಂದೇ ಬಣ್ಣ ಕಂಡು, ಇನ್ನೊಂದು ಬೆಳಕಿನಲ್ಲಿ ಬೇರೆ ಬೇರೆ ಕಾಣುವುದಕ್ಕೆ ಮೆಟಾಮೆರಿಸಂ ಅನ್ನುತ್ತಾರೆ. ಕಾರಣ ಸರಳ. ಹಗಲಿನ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಸಾಕಷ್ಟು ಇವೆ. ಮನೆಯ ಹಳದಿ ದೀಪದಲ್ಲಿ ಕೆಂಪು, ಹಳದಿ ಜಾಸ್ತಿ, ನೀಲಿ ಕಡಿಮೆ. ಬೇರೆ ಬೇರೆ ರಾಸಾಯನಿಕದಿಂದ ಮಾಡಿದ ಎರಡು ಹಸಿರು ಹಗಲಿನಲ್ಲಿ ಸರಿಹೊಂದಿದರೂ, ಆ ದೀಪದ ಕೆಳಗೆ ಒಂದು ಕಂದಿನ ಕಡೆಗೆ, ಒಂದು ನೀಲಿಯ ಕಡೆಗೆ ಹೊರಳಬಹುದು. ಬಣ್ಣದ ಕಾರ್ಖಾನೆಗಳು ಇದಕ್ಕಾಗಿಯೇ ಒಂದು ಪೆಟ್ಟಿಗೆ ಇಟ್ಟುಕೊಂಡಿರುತ್ತವೆ. ಒಳಗೆ ಬೂದು ಬಣ್ಣ, ಮೇಲೆ ಮೂರ್ನಾಲ್ಕು ಬಗೆಯ ದೀಪ. ಹಗಲಿಗೆ 6500 ಕೆಲ್ವಿನ್‌ನದು, ಅಂಗಡಿಯ ಟ್ಯೂಬ್‌ಲೈಟಿಗೆ ಸುಮಾರು 4000ದ್ದು, ಹಳೆಯ ಬಲ್ಬಿಗೆ 2856ರದ್ದು. ಒಂದೊಂದಾಗಿ ಹಚ್ಚಿ ನೋಡುತ್ತಾರೆ.

ಮನೆಯಲ್ಲಿ ಪೆಟ್ಟಿಗೆ ಬೇಡ. ಉತ್ತರಕ್ಕೆ ಮುಖ ಮಾಡಿದ ಕಿಟಕಿ ಸಾಕು. ಅಲ್ಲಿ ನೇರ ಬಿಸಿಲು ಬೀಳುವುದು ಕಡಿಮೆ, ಬೆಳಕು ಸಮನಾಗಿರುತ್ತದೆ. ಮಧ್ಯಾಹ್ನದ ಹೊತ್ತು ನೋಡಿ, ಸಂಜೆ ಕೆಂಪಿನಲ್ಲಿ ಬೇಡ. ಕೋಣೆಯ ದೀಪ ಆರಿಸಿ. ಪಕ್ಕದ ಗೋಡೆ ಅಥವಾ ನೀವು ತೊಟ್ಟ ಅಂಗಿ ಗಾಢ ಕೆಂಪೋ ಹಸಿರೋ ಆಗಿದ್ದರೆ ಅದರ ಬಣ್ಣವೂ ಬಟ್ಟೆಯ ಮೇಲೆ ಬೀಳುತ್ತದೆ. ಬಿಳಿ ಕಾಗದದ ಮೇಲೆ ತುಂಡನ್ನು ಇಡಿ. ಎರಡು ನಿಮಿಷ ಕಣ್ಣು ಆ ಬೆಳಕಿಗೆ ಹೊಂದಿಕೊಳ್ಳಲಿ.

ಆಮೇಲೆ ತುಂಡನ್ನು ನೀವು ನಿಜಕ್ಕೂ ಬಟ್ಟೆ ತೊಡುವ ಬೆಳಕಿಗೆ ಒಯ್ಯಿರಿ. ಇದನ್ನು ಜನ ಬಿಡುವುದೇ ಜಾಸ್ತಿ. ಸಂಜೆಯ ಮದುವೆ ಊಟಕ್ಕೆ ತೊಡುವುದಾದರೆ ಹಳದಿ ದೀಪದ ಕೆಳಗೆ ನೋಡಲೇಬೇಕು. ಅಲ್ಲಿ ನೀಲಿ ಕುಗ್ಗುತ್ತದೆ, ಕೆಂಪು ಏಳುತ್ತದೆ. ದೀಪ ತೀರ ಮಂದವಾಗಿದ್ದರೆ ಇನ್ನೊಂದು ಬದಲಾವಣೆ. ಚೆಕ್ ವಿಜ್ಞಾನಿ ಪುರ್ಕಿಂಜೆ 1819ರಲ್ಲೇ ಗಮನಿಸಿದ್ದ: ಬೆಳಕು ಕಡಿಮೆಯಾಗುತ್ತಾ ಹೋದಂತೆ ಕೆಂಪು ಮೊದಲು ಕಪ್ಪಾಗುತ್ತದೆ, ನೀಲಿ-ಹಸಿರು ಇನ್ನೂ ಸ್ವಲ್ಪ ಹೊತ್ತು ಉಳಿದುಕೊಳ್ಳುತ್ತದೆ. ಹಗಲಿನಲ್ಲಿ ಎದ್ದು ಕಂಡ ತೆಳು ಕೆಂಪು ಗೆರೆ ಮುಸ್ಸಂಜೆಯ ಅಂಗಳದಲ್ಲಿ ಕಾಣೆಯಾಗುವುದು ಇದಕ್ಕೇ.

ಬ್ಲ್ಯಾಕ್ ವಾಚ್ ಅನ್ನುವ ಪ್ರಸಿದ್ಧ ಟಾರ್ಟನ್ ಇದೆ. ನೀಲಿ, ಕಪ್ಪು, ಹಸಿರು ಮಾತ್ರ. ಅದರ ಮೇಲೆ ಹಳದಿ ಗೆರೆ ಎಳೆದರೆ ಗಾರ್ಡನ್. ಬಿಳಿ, ಕೆಂಪು ಗೆರೆ ಎಳೆದರೆ ಮೆಕೆಂಜಿ. ಈ ಕುಟುಂಬದ ಬಟ್ಟೆಗಳನ್ನು ಮಾಡರ್ನ್ ಛಾಯೆಯಲ್ಲಿ ಕೊಳ್ಳುವವರಿಗೆ ನನ್ನ ಮಾತು ಇಷ್ಟೆ: ಕೋಣೆಯೊಳಗೆ ಇದು ಕಪ್ಪು ಅಂತಲೇ ಲೆಕ್ಕ ಹಾಕಿ. ಅದು ಒಪ್ಪಿಗೆಯಾದರೆ ಕೊಳ್ಳಿ. ಚೌಕಳಿ ಕೋಣೆಯೊಳಗೂ ಕಾಣಬೇಕು ಅನ್ನುವವರು ಏನ್ಷಿಯಂಟ್ ನೋಡಿ.

ಪಕ್ಕದ ಬಣ್ಣ, ದೂರ, ಮಡಿಕೆ

1824ರಲ್ಲಿ ಪ್ಯಾರಿಸ್ಸಿನ ಗೋಬಲಾ ನೇಯ್ಗೆ ಕಾರ್ಖಾನೆಯ ಬಣ್ಣದ ವಿಭಾಗಕ್ಕೆ ಶೆವ್ರೂಲ್ ಅನ್ನುವ ರಸಾಯನಶಾಸ್ತ್ರಜ್ಞ ಮುಖ್ಯಸ್ಥರಾಗಿ ಬಂದರು. ಅಲ್ಲಿ ಕಪ್ಪು ನೂಲು ಸರಿಯಿಲ್ಲ, ಮಂಕು ಅಂತ ದೂರಿತ್ತು. ಪರೀಕ್ಷೆ ಮಾಡಿದರೆ ನೂಲಿನಲ್ಲಿ ಕೊರತೆ ಇರಲಿಲ್ಲ. ಅದು ನೀಲಿ, ನೇರಳೆಯ ಪಕ್ಕ ಇದ್ದಾಗ ಮಾತ್ರ ಮಂಕಾಗಿ ಕಾಣುತ್ತಿತ್ತು. ಪಕ್ಕದ ಬಣ್ಣ ಕಣ್ಣನ್ನು ಹೇಗೆ ಬದಲಿಸುತ್ತದೆ ಅಂತ ವರ್ಷಗಟ್ಟಲೆ ಕೆಲಸ ಮಾಡಿ ಅವರು 1839ರಲ್ಲಿ ಬರೆದು ಪ್ರಕಟಿಸಿದರು.

ಟಾರ್ಟನ್‌ನಲ್ಲಿ ಎಲ್ಲವೂ ಪಕ್ಕದ ಬಣ್ಣವೇ. ಮೆಕೆಂಜಿಯ ಬಿಳಿ ಗೆರೆಯ ಎರಡೂ ಬದಿಗೆ ಕಪ್ಪು ಗೆರೆ ಇದೆ. ಆ ಕಾವಲು ಇರುವುದರಿಂದಲೇ ಬಿಳಿ ಅಷ್ಟು ಹೊಳೆಯುತ್ತದೆ. ನೋಡಬೇಕಾದರೆ ಒಂದು ಬಿಳಿ ಕಾರ್ಡಿನಲ್ಲಿ ಸಣ್ಣ ತೂತು ಮಾಡಿ ಅದರ ಮೂಲಕ ಬಿಳಿಯನ್ನೊಂದೇ ನೋಡಿ. ಅದು ಬರೀ ಕೆನೆ ಬಣ್ಣ. ಕಾರ್ಡ್ ತೆಗೆದ ಕೂಡಲೇ ಮತ್ತೆ ಬೆಳ್ಳಗೆ ಬೆಳಗುತ್ತದೆ. ನಾನು ಇದನ್ನು ಹತ್ತು ಸಲವಾದರೂ ಮಾಡಿದ್ದೇನೆ, ಪ್ರತಿ ಸಲವೂ ಆಶ್ಚರ್ಯವಾಗುತ್ತದೆ. ಹಾಗಾಗಿ ಎರಡು ಗಿರಣಿಯ ಹಸಿರನ್ನು ಹೋಲಿಸುವುದಿದ್ದರೆ ಈ ತೂತಿನ ಕಾರ್ಡ್ ಬಳಸಿ. ಒಟ್ಟು ಬಟ್ಟೆ ಇಷ್ಟವಾಯಿತೇ ಅಂತ ನೋಡುವುದಿದ್ದರೆ ಕಾರ್ಡ್ ಬೇಡ.

ಅದರ ಜೊತೆ ಏನು ತೊಡುತ್ತೀರೋ ಅದನ್ನೂ ಪಕ್ಕಕ್ಕಿಡಿ. ಕೋಟು, ಅಂಗಿ, ಜೊತೆಯವರ ಸೀರೆ, ಏನೇ ಇರಲಿ. ನೆನಪಿನಿಂದ ಬಣ್ಣ ಹೊಂದಿಸಲು ಹೋಗಬೇಡಿ. ಬಣ್ಣದ ನೆನಪು ಯಾರಿಗೂ ಅಷ್ಟು ಚೆನ್ನಾಗಿ ಇರುವುದಿಲ್ಲ. ಇನ್ನೊಬ್ಬರ ಕಣ್ಣಿಗೂ ತೋರಿಸಿ. ಗಂಡಸರಲ್ಲಿ ಕೆಂಪು-ಹಸಿರು ಗುರುತಿಸುವುದು ಕಷ್ಟವಾಗುವವರು ಕಡಿಮೆಯೇನಲ್ಲ, ಎಷ್ಟೋ ಜನಕ್ಕೆ ಅದು ಗೊತ್ತೂ ಇರುವುದಿಲ್ಲ.

ತುಂಡನ್ನು ಮೇಜಿನ ಮೇಲೆ ಮಲಗಿಸಿ ನೋಡುವುದು ಸಾಲದು. ಗೋಡೆಗೆ ಪಿನ್ ಮಾಡಿ. ಹತ್ತಡಿ ಹಿಂದೆ ಹೋಗಿ. ಬಟ್ಟೆ ಮೈಮೇಲೆ ನಿಂತಿರುತ್ತದೆ, ಮಲಗಿರುವುದಿಲ್ಲ. ಬೆಳಕು ಬೀಳುವ ಕೋನ ಬದಲಾದರೆ ಓರೆ ನೇಯ್ಗೆಯ ಹೊಳಪೂ ಬದಲಾಗುತ್ತದೆ. ನಿಮ್ಮನ್ನು ಸಮಾರಂಭದಲ್ಲಿ ನೋಡುವವರು ಹತ್ತಡಿ ದೂರದಲ್ಲಿರುತ್ತಾರೆ.

ಕಿಲ್ಟ್‌ಗೆ ಇನ್ನೊಂದು ವಿಷಯ, ಮಡಿಕೆ. ಹಿಂಭಾಗದ ಮಡಿಕೆಗಳನ್ನು ಎರಡು ರೀತಿ ಹಾಕುತ್ತಾರೆ. ಒಂದು, ಮಡಿಸಿದ ಮೇಲೂ ಸೆಟ್ ಹಾಗೆಯೇ ಕಾಣುವಂತೆ. ಇನ್ನೊಂದು, ಪ್ರತಿ ಮಡಿಕೆಯ ಮೇಲೂ ಒಂದೇ ಗೆರೆ ಬರುವಂತೆ. ಸೈನ್ಯದವರು ಬಳಸುತ್ತಿದ್ದದ್ದು ಎರಡನೆಯದು. ಗಾರ್ಡನ್ ಹೈಲ್ಯಾಂಡರ್ಸ್ ಪಡೆಯವರ ಕಿಲ್ಟಿನ ಹಿಂದೆ ಸಾಲಾಗಿ ಹಳದಿ ಗೆರೆ ನಿಲ್ಲುತ್ತಿತ್ತು. ಹೀಗೆ ಮಡಿಸಿದಾಗ ಒಂದೆರಡು ಬಣ್ಣ ಹಿಂದೆ ಅಡಗಿಹೋಗುತ್ತವೆ. ಮುಂದೆ ಒಂದು ಬಣ್ಣದ ಬಟ್ಟೆ, ಹಿಂದೆ ಇನ್ನೊಂದು ಬಣ್ಣದ ಬಟ್ಟೆ ತೊಟ್ಟ ಹಾಗೆ ಕಾಣುತ್ತದೆ. ಹೊಲಿಯುವವರ ಜೊತೆ ಇದನ್ನು ಮಾತಾಡಿಯೇ ಬಣ್ಣ ತೀರ್ಮಾನಿಸಿ.

ಎಲ್ಲವನ್ನೂ ಒಟ್ಟಿಗೆ ತಗೊಳ್ಳಿ

ಕಪ್ಪಾಗಿ ಬಂದ ಬಟ್ಟೆಗೆ ಹೊಂದಲಿ ಅಂತ ನಾನು ಬೇರೆ ಕಡೆ ಒಂದು ಟೈ ತರಿಸಿದೆ. ಮೆಕೆಂಜಿ, ಮಾಡರ್ನ್, ಎಲ್ಲ ಸರಿಯಾಗಿ ಓದಿಯೇ ತರಿಸಿದ್ದು. ಆದರೂ ಹೊಂದಲಿಲ್ಲ. ಟೈಯ ಹಸಿರು ಹಳದಿಗೆ ವಾಲಿತ್ತು, ಕಿಲ್ಟ್ ಬಟ್ಟೆಯ ಹಸಿರು ನೀಲಿಗೆ. ಎರಡೂ ತಪ್ಪಲ್ಲ. ಮಾಡರ್ನ್ ಅನ್ನುವುದಕ್ಕೆ ಎಲ್ಲರೂ ಒಪ್ಪಿದ ಒಂದು ಅಳತೆ ಇಲ್ಲ. ಒಂದೊಂದು ಗಿರಣಿಗೆ ಒಂದೊಂದು ನೂಲಿನ ಪಟ್ಟಿ. ಒಬ್ಬರ ಏನ್ಷಿಯಂಟ್ ನೀಲಿ ಇನ್ನೊಬ್ಬರದಕ್ಕಿಂತ ಎಷ್ಟೋ ತಿಳಿ.

ಒಂದೇ ಗಿರಣಿಯಲ್ಲೂ ಬಣ್ಣದ ಬ್ಯಾಚ್ ಬದಲಾದಾಗ ಸಣ್ಣ ವ್ಯತ್ಯಾಸ ಬರುತ್ತದೆ. ಸ್ವೆಟರ್ ಹೆಣೆಯುವವರು ನೂಲು ಸಾಲದೆ ಎರಡನೇ ಸಲ ತಂದಾಗ ಎದುರಾಗುವ ತೊಂದರೆಯೇ ಇದು. ಬೇರೆ ಬೇರೆ ಇಟ್ಟರೆ ಗೊತ್ತಾಗದು, ಪಕ್ಕಪಕ್ಕ ಇಟ್ಟರೆ ಎದ್ದು ಕಾಣುತ್ತದೆ. ಮದುವೆಗೆ ನಾಲ್ಕು ಜನಕ್ಕೆ ಬೇಕಿದ್ದರೆ ನಾಲ್ಕು ಜನದ್ದೂ ಒಂದೇ ಥಾನಿನಿಂದ ಒಂದೇ ಸಲ ಕತ್ತರಿಸಲಿ. ಕಾಲು ಗಜ ಜಾಸ್ತಿ ತಗೊಂಡರೆ ಮುಂದೆ ಟೈಗೋ ರಿಪೇರಿಗೋ ಆಗುತ್ತದೆ. ನಾನು ಆ ಟೈಯನ್ನು ಪಕ್ಕಕ್ಕಿಟ್ಟು, ಉಳಿದ ಬಟ್ಟೆಯಲ್ಲೇ ಒಂದು ಹೊಲಿಸಿದೆ.

ಬಟ್ಟೆ ತಂದಾಗ ಅದರ ಜೊತೆ ಬಂದ ತುಂಡಿನ ಹಿಂದೆ ಒಂದು ಚೀಟಿ ಅಂಟಿಸಿ, ಗಿರಣಿಯ ಹೆಸರು, ಛಾಯೆ, ತೂಕ, ತಗೊಂಡ ತಿಂಗಳು ಬರೆದಿಟ್ಟಿದ್ದೇನೆ. ಐದು ವರ್ಷದ ನಂತರ ಮಗನ ತಮ್ಮನಿಗೂ ಅದೇ ಬೇಕು ಅಂದರೆ ಹುಡುಕಾಡಬೇಕಾಗಿಲ್ಲ.

ಪದವಿ ಪ್ರದಾನ ಜುಲೈನಲ್ಲಿತ್ತು. ಎಡಿನ್‌ಬರಾದಲ್ಲಿ ಆಗ ರಾತ್ರಿ ಒಂಬತ್ತೂವರೆಗೂ ಬೆಳಕು. ಮೋಡ ಕವಿದ ಆಕಾಶದ ಕೆಳಗೆ, ಹುಲ್ಲಿನ ಮೇಲೆ ಮಗ ಆ ಕಿಲ್ಟ್ ತೊಟ್ಟು ನಿಂತಿದ್ದ. ಡಿಸೆಂಬರಿನಲ್ಲಿ ಕಪ್ಪಾಗಿದ್ದ ಬಟ್ಟೆಯಲ್ಲಿ ಹಸಿರು ಹಸಿರಾಗಿತ್ತು, ನೀಲಿ ನೀಲಿಯಾಗಿತ್ತು, ಹತ್ತಡಿ ದೂರದಿಂದಲೂ ಬಿಳಿ ಗೆರೆ ಎದ್ದು ಕಾಣುತ್ತಿತ್ತು. ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ಅವರು ಪರದೆಯಲ್ಲಿ ನೋಡಿ ‘ಕಪ್ಪು ಬಟ್ಟೆ ಯಾಕೋ ಶುಭಕಾರ್ಯಕ್ಕೆ?’ ಅಂದರು. ಮರುದಿನ ಒಂದು ಗೇಣು ತುಂಡನ್ನು ಲಕೋಟೆಯಲ್ಲಿಟ್ಟು ಬೆಂಗಳೂರಿಗೆ ಕಳಿಸಿದೆ. ತಲುಪಿದ ದಿನ ಫೋನ್ ಮಾಡಿದರು. ಬಾಗಿಲಿಗೆ ಒಯ್ದು ನೋಡಿದರಂತೆ. ‘ಕೆಂಪು ಗೆರೆಯೂ ಇದೆಯಲ್ಲೋ ಇದರಲ್ಲಿ’ ಅಂದರು.